ಬಿಸಿಲು ತಿಂದ ಕೊಳವೆಯೂ ಪಿಳ್ಳಮ್ಮನ ಮೊಮ್ಮಗಳೂ

ಮಕ್ಕಳ ಬೆರಳಿನಿಂದ ರಕ್ತ ತೆಗೆಯುವ ಕೆಲಸಕ್ಕೆ ಸೇರುವವರಿಗೆ ನನ್ನ ಮೊದಲ ಸಲಹೆ ಇದು: ಸೂಜಿ ಹಿಡಿಯುವುದಕ್ಕೆ ಮುಂಚೆ ಕೈ ಹಿಡಿಯುವುದನ್ನು ಕಲಿಯಿರಿ. ನಾನು ಅದನ್ನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ನಮ್ಮಮ್ಮ ಚಿಂತಾಮಣಿ ಸುತ್ತಿನ ಹಳ್ಳಿಗಳಲ್ಲಿ ಬಳೆ ತೊಡಿಸುತ್ತಿದ್ದವಳು. ಚಿಕ್ಕಂದಿನಲ್ಲಿ ಅವಳ ಬಳೆಗಳ ಹೊರೆ, ಮಲಾರ, ಹೊತ್ತು ಕೈವಾರದವರೆಗೂ ನಡೆದಿದ್ದೇನೆ. ಬಳೆ ತೊಡಿಸುವವಳು ಕೈಯನ್ನು ಮೊದಲು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಹೆಬ್ಬೆರಳ ಬುಡ ಒತ್ತಿ ಒತ್ತಿ ಮೆತ್ತಗೆ ಮಾಡುತ್ತಾ, ತವರುಮನೆ ಎಲ್ಲಿ, ಎಮ್ಮೆ ಈಯಿತಾ ಎಂದು ಕೇಳುತ್ತಾಳೆ. ಉತ್ತರ ಬರುವಷ್ಟರಲ್ಲಿ ಬಳೆ ಗೆಣ್ಣು ದಾಟಿರುತ್ತದೆ. ನನ್ನ ಸೂಜಿಯೂ ಮೂವತ್ತು ವರ್ಷ ಹಾಗೆಯೇ ಕೆಲಸ ಮಾಡಿತು.

ಆಸ್ಪತ್ರೆಯಲ್ಲಿ ಸೀಸೆ ತೊಳೆಯುವವನಾಗಿ ಸೇರಿದೆ, ಕಣ್ಣಿಟ್ಟು ನೋಡಿ ಪ್ರಯೋಗಶಾಲೆಯ ಕೆಲಸ ಕಲಿತೆ. ನಡುವಿನ ಬಡ್ತಿಗಳ ಕಥೆಯಿಂದ ಯಾರಿಗೂ ಉಪಯೋಗವಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪಿನ ಕಥೆಯಿಂದ ಉಪಯೋಗವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮೇಲಧಿಕಾರಿ ಡಾಕ್ಟರ್ ವೆಂಕೋಬರಾಯರಿಗೆ ಒಂದು ಕೆಲಸ ಒಪ್ಪಿಸಿದ್ದರು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಎಷ್ಟು ಮಕ್ಕಳಿಗೆ ರಕ್ತ ಕಡಿಮೆಯಿದೆ, ಯಾಕೆ ಕಡಿಮೆಯಿದೆ ಎಂದು ನೋಡಿ ವರದಿ ಕೊಡಬೇಕು. ರಾಯರು ನಶ್ಯ ಹಾಕುವ, ಮಿತಭಾಷೆಯ ಮನುಷ್ಯ. ಯಾರು ಏನು ಹೇಳಿದರೂ "ಆಧಾರ ಏನು?" ಎನ್ನುವರು. ಊಟಕ್ಕೆ ಹೊತ್ತಾಯಿತು ಎಂದರೂ ಅದೇ ಪ್ರಶ್ನೆ.

ಗೌರಿಬಿದನೂರಿನ ಕಡೆಯ ಮೊದಲ ಹಳ್ಳಿಯಲ್ಲೇ ನನ್ನ ಮಾನ ಹೋಯಿತು. ಆಗ ರಕ್ತವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ಬಾಯಿಂದಲೇ ಗೀಟಿನವರೆಗೆ ಹೀರಿ ಎಳೆದುಕೊಳ್ಳಬೇಕಿತ್ತು. ನಾನು ಮಗುವಿನ ಬೆರಳು ಚುಚ್ಚಿ, ನಳಿಕೆ ತುಟಿಗಿಟ್ಟುಕೊಂಡದ್ದೇ ತಡ, ಒಬ್ಬಾಕೆ ಕೂಗಿಕೊಂಡಳು.

"ಮಗೀನ ರಕ್ತ ಕುಡೀತಾವ್ನೆ ಕಣ್ರಮ್ಮಾ, ನೋಡ್ಬನ್ರೇ."

ಅಷ್ಟೇ, ಅರ್ಧ ಗಂಟೆಯಲ್ಲಿ ಇಡೀ ಕೇರಿಯ ಬಾಗಿಲು ಮುಚ್ಚಿತು. ಮಾರನೆಯ ಹಳ್ಳಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಅಲ್ಲಿಯ ಮುದುಕನೊಬ್ಬ ನನ್ನನ್ನು ನೋಡಿ, "ಇವನೇನಾ? ಒಣಕಲು ಕಡ್ಡಿ ಇದ್ದಂಗವ್ನೆ. ಕುಡಿದಿದ್ದು ಮೈಗತ್ತಿಲ್ಲ ಬಿಡು" ಎಂದ.

ವಾದ ಮಾಡಿದರೆ ಗಿರಾಕಿ ಹೋಗುತ್ತಾನೆ, ಇದು ನಮ್ಮಮ್ಮನ ಪಾಠ. ಮೂರನೆಯ ಹಳ್ಳಿಯಲ್ಲಿ ನಾನು ಕಟ್ಟೆಯ ಮೇಲೆ ಕೂತು, ಮೊದಲು ನನ್ನ ಬೆರಳನ್ನೇ ಚುಚ್ಚಿಕೊಂಡು ನನ್ನ ರಕ್ತವನ್ನೇ ಎಳೆದು, ಅಳೆದು ತೋರಿಸಿದೆ. ಆಮೇಲೆ ಮನೆಯಿಂದ ತಂದಿದ್ದ ಸಣ್ಣ ಅಳತೆಯ ಗಾಜಿನ ಬಳೆಗಳನ್ನು ಬಿಚ್ಚಿಟ್ಟೆ. ಒಂದು ಹನಿಗೆ ಒಂದು ಬಳೆ.

"ಎರಡು ಕೈ ಐತಲ್ಲಪ್ಪ. ಒಂದು ಕೈಗೆ ಹಾಕಿ ಇನ್ನೊಂದು ಬೋಳು ಬಿಡ್ತೀಯಾ?" ಎಂದು ಒಬ್ಬ ತಾಯಿ ಕೇಳಿದಳು.

"ಅದಕ್ಕೇನಮ್ಮ, ಮನೇಲಿರೋ ಇನ್ನೊಂದು ಮಗೂನೂ ಕರ್ಕೊಂಡು ಬಾ. ಮೊದಲನೇದಕ್ಕೆ ಎರಡು ಕೈಗೂ ಹಾಕ್ತೀನಿ."

ಆಕೆ ತನ್ನದನ್ನೂ ತಂದಳು, ನಾದಿನಿಯದನ್ನೂ ತಂದಳು. ಗಂಡುಮಕ್ಕಳಿಗೆ ಬಳೆ ಬೇಡವೆಂದವರಿಗೆ ಕಡಲೆಮಿಠಾಯಿ. ಮಧ್ಯಾಹ್ನದ ಹೊತ್ತಿಗೆ ಸಾಲು ನಿಂತಿತು. ಹೊಸಬರೇ, ಕೊಳ್ಳುವವರಿಗೆ ಗೆದ್ದೆ ಅನಿಸುವ ಹಾಗೆ ಚೌಕಾಸಿ ಮಾಡಿ. ಅದರಲ್ಲಿ ನಾಚಿಕೆಯೇನಿಲ್ಲ.

ಇನ್ನು ಉಪಕರಣದ ವಿಷಯ. ಈಗಿನ ಯಂತ್ರ ತಾನೇ ಅಂಕಿ ತೋರಿಸುತ್ತದಂತೆ. ನಮ್ಮದು ಕಣ್ಣಳತೆ. ಗೀಟು ಹಾಕಿದ ಕೊಳವೆಯಲ್ಲಿ ಆಮ್ಲ ಹಾಕಿ ರಕ್ತ ಬೆರೆಸಿದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲೇ ಕಂದು ದ್ರವ ತುಂಬಿ ಬಾಯಿ ಮುಚ್ಚಿದ ಇನ್ನೊಂದು ಕೊಳವೆ ಇರುತ್ತದೆ, ಅದು ನಮ್ಮ ಮಾದರಿ. ಹತ್ತು ನಿಮಿಷ ಕಾದು, ಎರಡೂ ಒಂದೇ ಬಣ್ಣ ಆಗುವವರೆಗೆ ಹನಿಹನಿಯಾಗಿ ಶುದ್ಧ ನೀರು ಬೆರೆಸಬೇಕು. ನೀರು ಯಾವ ಗೀಟಿಗೆ ನಿಂತಿತೋ ಅದೇ ರಕ್ತದ ಅಂಕಿ. ಗಟ್ಟಿ ರಕ್ತ ಹೆಚ್ಚು ನೀರು ತಡೆದುಕೊಳ್ಳುತ್ತದೆ, ಅಂಕಿ ಏರುತ್ತದೆ. ತೆಳು ರಕ್ತ ಬೇಗ ಸೋಲುತ್ತದೆ.

ಚಳಿಗಾಲದಲ್ಲಿ ಗೌರಿಬಿದನೂರಿನಲ್ಲಿ ಶುರು ಮಾಡಿದೆವು. ಅಲ್ಲಿಯ ಅಂಕಿ ನೋಡಿ ರಾಯರು ನಶ್ಯ ಹಾಕುವುದನ್ನೇ ಮರೆತರು, ಅಷ್ಟು ಮಕ್ಕಳಿಗೆ ರಕ್ತ ಕಡಿಮೆ. ಚಿಕ್ಕಬಳ್ಳಾಪುರಕ್ಕೆ ಬಂದೆವು, ಸ್ವಲ್ಪ ವಾಸಿ. ಚಿಂತಾಮಣಿಯಲ್ಲಿ ಇನ್ನೂ ವಾಸಿ. ಬಿಸಿಲು ನೆತ್ತಿ ಸುಡುವ ಕಾಲಕ್ಕೆ ಶಿಡ್ಲಘಟ್ಟಕ್ಕೆ ಬಂದರೆ ಮಕ್ಕಳೆಲ್ಲ ಹೆಚ್ಚುಕಡಿಮೆ ಗಟ್ಟಿ. ರಾಯರು ಖುಷಿಯಾಗಿ ಒಂದು ಸಿದ್ಧಾಂತ ಕಟ್ಟಿದರು. ಶಿಡ್ಲಘಟ್ಟದಲ್ಲಿ ರೇಷ್ಮೆ ಇದೆ, ರೇಷ್ಮೆಯಿಂದ ಕೈಯಲ್ಲಿ ಕಾಸು ಓಡಾಡುತ್ತದೆ, ಕಾಸಿದ್ದ ಕಡೆ ಮಕ್ಕಳ ತಟ್ಟೆ ತುಂಬುತ್ತದೆ. ವರದಿಯಲ್ಲಿ ಹಾಗೇ ಬರೆಯತೊಡಗಿದರು. ನನಗೂ ಸರಿಯೆನಿಸಿತು. ಕೊಳವೆ ಸುಳ್ಳು ಹೇಳುತ್ತದೆಯೇ?

ಆ ಹೊತ್ತಿನಲ್ಲೇ ದಿಬ್ಬೂರಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪಿಳ್ಳಮ್ಮ ಸಿಕ್ಕಿದ್ದು. ಮನೆ ತುಂಬ ರೇಷ್ಮೆಹುಳು ಸಾಕುವ ತಟ್ಟೆಗಳು, ಹಿಂದೆ ಹಿಪ್ಪುನೇರಳೆ ತೋಟ, ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು ರತ್ನ. ಮಗು ಗೋಡೆಯ ಮಣ್ಣು ಕೆರೆದು ತಿನ್ನುತ್ತಿತ್ತು. ಮುಖ ಊದಿಕೊಂಡಿತ್ತು. ಕೆಳಗಿಳಿಸಿದರೆ ನಾಲ್ಕು ಹೆಜ್ಜೆ ಇಟ್ಟು ಏದುಸಿರು ಬಿಡುತ್ತಾ ಕೂತುಬಿಡುತ್ತಿತ್ತು. ನಾನು ಬೆರಳು ಚುಚ್ಚಿ, ಕೆಂಪು ಬಳೆಯೊಂದನ್ನು ತೊಡಿಸಿ, ಕೊಳವೆ ನೋಡಿದೆ. ಹತ್ತಕ್ಕೆ ಹತ್ತಿರ, ಆ ವಯಸ್ಸಿಗೆ ಹನ್ನೊಂದಿದ್ದರೆ ಸಾಕು.

"ರಕ್ತ ಪರವಾಗಿಲ್ಲಮ್ಮ" ಎಂದೆ.

ಪಿಳ್ಳಮ್ಮ ಮಗುವಿನ ಕಿವಿಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು. "ಇದನ್ನ ನೋಡಪ್ಪ. ಗೂಡು ಕಟ್ಟೋಕೆ ಬಂದ ಹಣ್ಣುಳದ ಹಂಗೆ ಬೆಳಕು ಆಚೆ ಬತ್ತೈತೆ. ಇದರಾಗೆ ರಕ್ತ ಎಲ್ಲೈತೆ?"

"ಕೊಳವೇಲಿ ಇದೆಯಲ್ಲ."

"ನಿನ್ ಕೊಳವೆ ಈ ಮಗೀನ ಒಂದಿನ ಎತ್ಕೊಂಡು ತಿರುಗೈತಾ?"

ನಾನು ನಕ್ಕೆ. ಅದೇ ನನ್ನ ತಪ್ಪು. ಅವಳು ನಗಲಿಲ್ಲ. ಮಗುವನ್ನು ಮತ್ತೆ ಸೊಂಟಕ್ಕೇರಿಸಿಕೊಂಡು, "ಹಂಗಾದ್ರೆ ರಕ್ತದ ಕಾಯಿಲೆ ಅಲ್ಲ. ಬಾಲಗ್ರಹ. ನೀನೂ ಅಲ್ಲಾಂತ ಹೇಳಿದ ಮೇಲೆ ಇನ್ನೇನು, ಬರೋ ಅಮಾವಾಸ್ಯೆಗೆ ಹೊಟ್ಟೆ ಮೇಲೆ ಬರೆ ಹಾಕಿಸ್ತೀನಿ. ಹಾಕೋನಿಗೆ ಹೇಳೂ ಆಗೈತೆ" ಎಂದಳು.

ಕಾದ ಕಬ್ಬಿಣದಿಂದ ಮಕ್ಕಳ ಹೊಟ್ಟೆಗೆ ಬರೆ ಎಳೆಯುವ ಆ ಪದ್ಧತಿ ಆಗ ಎಲ್ಲ ಕಡೆಯೂ ಇತ್ತು. ಬೇಡವೆಂದೆ. ಕಾಯಿಲೆಯೂ ಇಲ್ಲ ಅಂತೀಯ, ಬರೆಯೂ ಬೇಡ ಅಂತೀಯ, ಮತ್ತೆ ಮಗು ಯಾಕೆ ಹಿಂಗೈತೆ ಎಂದು ಕೇಳಿದಳು. ನಾನು ಪೆಟ್ಟಿಗೆ ಎತ್ತಿಕೊಂಡು ಜೀಪು ಹತ್ತಿದೆ.

ಆ ಭಾನುವಾರ ಜೀಪು ರಿಪೇರಿಗೆ ಹೋಗಿದ್ದರಿಂದ ಉಪಕರಣದ ಪೆಟ್ಟಿಗೆಯನ್ನು ಚಿಂತಾಮಣಿಯ ಮನೆಗೇ ತಂದಿದ್ದೆ. ಒರೆಸಿಡೋಣವೆಂದು ಜಗಲಿಯ ಮೇಲೆ ಹರಡಿದೆ. ಅಮ್ಮ ಬಳೆ ಪೋಣಿಸುತ್ತಾ ಕೂತಿದ್ದವಳು ಮಾದರಿ ಕೊಳವೆಯನ್ನು ಎತ್ತಿಕೊಂಡಳು.

"ಏಮ್ರಾ ಇದು, ಹೊಸ ಕೊಳವೆ ಕೊಟ್ರಾ?"

"ಇಲ್ಲಮ್ಮ, ಅದೇ ಹಳೇದು. ಸಂಕ್ರಾಂತಿಲಿ ತೋರಿಸಿದ್ನಲ್ಲ."

"ಅವತ್ತು ಬೆಲ್ಲದ ಪಾಕದ ಬಣ್ಣ ಇತ್ತು. ಇವತ್ತು ನೀರು ಕಾಫಿ. ಬಣ್ಣ ಸತ್ತೋಗಿದೆ ಕಣೋ. ಎಲ್ಲಿಡ್ತಿದ್ದೆ ಇದನ್ನ?"

ಎಲ್ಲಿ ಎಂದರೆ, ಜೀಪಿನ ಮುಂದಿನ ಗಾಜಿನ ಕೆಳಗೆ. ಪೆಟ್ಟಿಗೆಯ ಮುಚ್ಚಳದ ಕೀಲು ಮುರಿದಿದ್ದರಿಂದ ಕೊಳವೆಗೆ ನಾಲ್ಕು ತಿಂಗಳಿಂದ ಬಿಸಿಲು ಬೀಳುತ್ತಲೇ ಇತ್ತು.

"ಅರಗಿನ ಬಳೆ ಬಿಸಿಲಿಗಿಟ್ರೆ ಏನಾಗತ್ತೆ ಅಂತ ಏಳು ವರ್ಷದವನಿದ್ದಾಗ ಏಟು ತಿಂದು ಕಲಿತಿದ್ದೆ ನೀನು" ಎಂದಳು ಅಮ್ಮ. "ದೊಡ್ಡ ಕೆಲಸ ಸಿಕ್ತು, ಸಣ್ಣ ಬುದ್ಧಿ ಮರೆತೆ."

ಕೊಳವೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಮಾದರಿಯೇ ತೆಳ್ಳಗಾಗಿದ್ದರೆ, ಅದಕ್ಕೆ ಸರಿದೂಗಿಸಲು ನಾನು ಮಕ್ಕಳ ರಕ್ತಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಸುರಿಯುತ್ತಾ ಬಂದಿದ್ದೇನೆ. ಸುರಿದಷ್ಟೂ ಅಂಕಿ ಏರಿದೆ. ತಾಲ್ಲೂಕು ಬದಲಾದ ಹಾಗೆ ಮಕ್ಕಳು ಗಟ್ಟಿಯಾಗಲಿಲ್ಲ, ಬಿಸಿಲು ಹೆಚ್ಚಿದ ಹಾಗೆ ನನ್ನ ಕೊಳವೆ ಬಡವಾಯಿತು.

ಅಲ್ಲೇ ನನ್ನ ಬೆರಳು ಚುಚ್ಚಿಕೊಂಡೆ. ಗೌರಿಬಿದನೂರಿನ ಕಟ್ಟೆಯ ಮೇಲೆ ನನ್ನ ರಕ್ತ ಹದಿನಾಲ್ಕಿತ್ತು. ಈಗ ನೀರು ಹಾಕುತ್ತಾ ಹೋದೆ, ಇಪ್ಪತ್ತೆರಡಕ್ಕೆ ಬಂತು. ಕೊಳವೆಯ ಗೀಟುಗಳೇ ಮುಗಿಯುವುದರಲ್ಲಿದ್ದವು.

ಅಮ್ಮ ಇಣುಕಿ, "ಅಷ್ಟೊಂದು ರಕ್ತ ಇದ್ರೆ ನಿನ್ನ ಕುಸ್ತಿಗೆ ಬಿಡಬೋದು. ಬಾವಿಯಿಂದ ಎರಡು ಕೊಡ ನೀರು ಸೇದಿಕೊಡು ಹೋಗು" ಎಂದಳು.

ನೀರು ಸೇದುವಷ್ಟು ಪುರಸೊತ್ತಿರಲಿಲ್ಲ. ಮಂಗಳವಾರ ಅಮಾವಾಸ್ಯೆ. ಸಿಕ್ಕಿದ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ರಾಯರ ಮನೆಗೆ ಹೋದೆ. ಅವರು ವರದಿಯ ಕೊನೆಯ ಹಾಳೆ ಬರೆಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದೆ.

"ಆಧಾರ ಏನು?" ಎಂದರು ರಾಯರು.

ಅವರ ಎದುರಿಗೇ ಮತ್ತೆ ಬೆರಳು ಚುಚ್ಚಿಕೊಂಡೆ. ಇಪ್ಪತ್ತೆರಡು. ಆಸ್ಪತ್ರೆಯ ಬೀರುವಿನಲ್ಲಿ ಕಪ್ಪು ಕಾಗದ ಸುತ್ತಿಟ್ಟಿದ್ದ ಇನ್ನೊಂದು ಮಾದರಿ ಕೊಳವೆ ತರಿಸಿ ಅದರಲ್ಲಿ ನೋಡಿದರು. ಹದಿನಾಲ್ಕು. ಎರಡು ಕೊಳವೆಗಳನ್ನೂ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ರೇಷ್ಮೆ ಸಿದ್ಧಾಂತದ ಹಾಳೆಗಳನ್ನು ತೆಗೆದು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು.

"ಕಂಡುಹಿಡಿದವರು ಯಾರು?"

"ನಮ್ಮಮ್ಮ, ಸಾರ್."

"ಏನು ಓದಿದ್ದಾರೆ?"

"ಬಳೆ ಮಾರ್ತಾರೆ, ಸಾರ್."

ನಶ್ಯ ಹಾಕಿಕೊಂಡು ಒಂದು ಸೀನು ಸೀನಿದರು. "ಗೌರಿಬಿದನೂರು ಬಿಟ್ಟು ಮಿಕ್ಕ ಮೂರು ತಾಲ್ಲೂಕು ಮತ್ತೆ ಮೊದಲಿಂದ ಮಾಡಬೇಕು. ನಿನ್ನ ರಜ ಎಲ್ಲ ಹೋಯಿತು."

"ಮಾಡ್ತೀನಿ ಸಾರ್. ಆದರೆ ಮೊದಲು ದಿಬ್ಬೂರಹಳ್ಳಿ ಕಡೆಯಿಂದ ಶುರು ಮಾಡೋಣ. ನಾಳೆನೇ. ನೀವೂ ಬರಬೇಕು."

ತಪ್ಪು ಮಾಡಿದವನು ಷರತ್ತು ಹಾಕಬಾರದು ಎಂದು ಯಾರು ಹೇಳಿದ್ದು? ಒಪ್ಪಿಕೊಂಡ ಗಳಿಗೆಯಲ್ಲೇ ಕೇಳಬೇಕು, ಆಗ ಎದುರಿನವರಿಗೆ ಇಲ್ಲ ಎನ್ನುವುದು ಕಷ್ಟ. ರಾಯರು ಒಪ್ಪಿದರು.

ಸೋಮವಾರ ರಾಯರೂ ನಾನೂ ಬಸ್ಸಿಳಿದು ನಡೆದು ಪಿಳ್ಳಮ್ಮನ ಮನೆ ಮುಟ್ಟಿದಾಗ ಅವಳು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಮಗು ಮೂಲೆಯಲ್ಲಿ ಮಲಗಿತ್ತು. ಕೂತಿರಲೂ ಆಗುತ್ತಿರಲಿಲ್ಲ.

"ನಾನು ಹೇಳಿದ್ದು ತಪ್ಪಮ್ಮ" ಎಂದೆ. "ನನ್ನ ಕೊಳವೆ ಕೆಟ್ಟಿತ್ತು. ನಿನ್ನ ಕಣ್ಣೇ ಸರಿ."

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಈಗ ಬಂದು ಹೇಳಿದ್ರೆ? ಬರೆ ಹಾಕೋನಿಗೆ ಅಕ್ಕಿ, ಕೋಳಿ ಒಪ್ಕೊಂಡಾಗೈತೆ. ಊರೋರೆಲ್ಲ ಆಸ್ಪತ್ರೆಯೋರೇ ಕಾಯಿಲೆ ಇಲ್ಲ ಅಂದ್ರು ಅಂತಾವ್ರೆ. ನಾನು ಬೇಡ ಅಂದ್ರೆ ನನ್ ಸೊಸೇನೂ ನನ್ ಮಾತು ಕೇಳಲ್ಲ."

"ಏನು ಮಾಡಿದ್ರೆ ಕೇಳ್ತಾರೆ?"

"ಅವರ ಮುಂದೇನೇ ಹೇಳು. ನಂಗೆ ಹೇಳಿದಂಗೆ."

ಅವಳ ಬೆಲೆ ಅದು, ಒಂದು ಕಾಸೂ ಇಳಿಸಲಿಲ್ಲ. ಸಂಜೆ ಅರಳಿಕಟ್ಟೆಯ ಮುಂದೆ, ಅದೇ ಊರಿನ ಮೂವತ್ತು ನಲವತ್ತು ಜನರ ಎದುರಿಗೆ, ಸರ್ಕಾರಿ ಕೊಳವೆ ಕೆಟ್ಟಿತ್ತು, ನಾನು ಬಿಸಿಲಿಗಿಟ್ಟು ಕೆಡಿಸಿದೆ, ಈ ಮಗುವಿಗೆ ಗ್ರಹವಿಲ್ಲ, ರಕ್ತವಿಲ್ಲ, ಕಬ್ಬಿಣದ ಔಷಧಿ ಕೊಡಬೇಕು ಎಂದು ಹೇಳಿದೆ. ಎರಡೂ ಕೊಳವೆ ಕೈಯಿಂದ ಕೈಗೆ ದಾಟಿದವು. ಬರೆ ಹಾಕುವವನೂ ಅಲ್ಲೇ ಇದ್ದ. ಅವನು ಕೊಳವೆಗಳನ್ನು ತಿರುಗಿಸಿ ನೋಡಿ, "ನಾನೂ ಕಬ್ಬಿಣ, ಇವರೂ ಕಬ್ಬಿಣದ ಔಷಧಿ ಅಂತಾರೆ. ಮೊದಲು ಇವರದು ಆಗ್ಲಿ ಬಿಡಿ" ಎಂದು ಎದ್ದುಹೋದ. ಕೋಳಿ ಮಾತ್ರ ಬಿಡಲಿಲ್ಲ, ಮಾತಾಡಿದ್ದು ಆಗಿಹೋಗಿದೆ ಎಂದು ತೆಗೆದುಕೊಂಡೇ ಹೋದನಂತೆ. ಅಂಥವನಿಗೆ ನಾನು ಕೈ ಮುಗಿಯುತ್ತೇನೆ.

ಕಟ್ಟೆಗೆ ಹೋಗುವ ಮುಂಚೆಯೇ ಹೊಸ ಕೊಳವೆಯಲ್ಲಿ ನೋಡಿದ್ದೆವು, ರತ್ನಳ ರಕ್ತ ಆರನ್ನೂ ಮುಟ್ಟಿರಲಿಲ್ಲ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಕ್ಕೆಹುಳುವಿನ ಮೊಟ್ಟೆಗಳು. ಎಲ್ಲಿಂದ ಬಂದವೆಂದು ರಾಯರು ತೋಟ ಸುತ್ತಿದರು. ಹಿಪ್ಪುನೇರಳೆಗೆ ನೀರು ಕಟ್ಟುತ್ತಾರೆ, ಗಿಡದ ಬುಡ ಸದಾ ನೆರಳು, ಸದಾ ತೇವ. ಮನೆಮಂದಿ ಬಯಲಿಗೆ ಹೋಗುವುದೂ ಮರೆಯಿರುವ ಆ ತೋಟಕ್ಕೇ. ಹೆಂಗಸರು ಸೊಪ್ಪು ಬಿಡಿಸುವಾಗ ಮಕ್ಕಳನ್ನು ತಂಪಿಗೆಂದು ಅದೇ ಮಣ್ಣಿನ ಮೇಲೆ ಕೂರಿಸುತ್ತಾರೆ. ಹುಳು ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗಿ, ಕರುಳು ಕಚ್ಚಿ ರಕ್ತ ಹೀರುತ್ತದೆ. ರೇಷ್ಮೆಯಿಂದ ಮಕ್ಕಳು ಗಟ್ಟಿಯಾದರೆಂದು ಬರೆದಿದ್ದ ರಾಯರು ಬದುವಿನ ಮೇಲೆ ನಿಂತು, "ಒಂದು ಹುಳು ಸಾಕೋಕೆ ಹೋಗಿ ಇನ್ನೊಂದನ್ನೂ ಸಾಕಿದ್ದಾರೆ" ಎಂದರು. ಅವರು ಮಾಡಿದ ತಮಾಷೆ ನನಗೆ ನೆನಪಿರುವುದು ಅದೊಂದೇ.

ಹುಳುವಿನ ಔಷಧಿಯನ್ನು ಮೊದಲು ಕೊಡಲಿಲ್ಲ. ಅಷ್ಟು ಬಡಕಲು ಮಗು ತಡೆಯುವುದಿಲ್ಲ. ಮೊದಲು ಕಬ್ಬಿಣದ ಔಷಧಿ, ಮೈಯಲ್ಲಿ ಸ್ವಲ್ಪ ರಕ್ತ ಸೇರಿದ ಮೇಲೆ ಹುಳುವಿಗೆ. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡ ಎಂದು ಮುಂಚೆಯೇ ಹೇಳಿಟ್ಟೆ. ಇದನ್ನು ಹೇಳಲು ಮರೆತ ಕಡೆಯೆಲ್ಲ ಸೀಸೆ ತಿಪ್ಪೆ ಸೇರಿದ್ದನ್ನು ನೋಡಿದ್ದೇನೆ.

ಊಟದ ಚೌಕಾಸಿ ಬೇರೆ. ಮಗುವಿಗೆ ಏನು ಕೊಡುತ್ತೀರಿ ಎಂದರೆ ಗಂಜಿ ತಿಳಿ, ಬೆಲ್ಲದ ಕಾಫಿ.

"ದಿನಾ ಬಸ್ಸಾರು ಮಾಡ್ತೀರಲ್ಲ, ಆ ಬೇಯಿಸಿದ ಸೊಪ್ಪು, ಕಾಳು?"

"ಸೊಪ್ಪು ಮಕ್ಕಳಿಗೆ ಅರಗಲ್ಲ. ಹಸಿರಾಗಿ ಹೊರಗೆ ಹೋಗ್ತದೆ."

"ಹುಳಕ್ಕೆ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀಯ?"

"ನಾಕೈದು ಸಲ."

"ಮೊಮ್ಮಗಳಿಗೆ ಒಂದು ಸಲ ಹಾಕು. ನಾನು ಜಾಸ್ತಿ ಕೇಳಲ್ಲ."

ಅವಳಿಗೆ ನಗು ಬಂತು. ಅವಳು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮುದ್ದೆಯ ಜೊತೆ ಮಸೆದ ಸೊಪ್ಪು ಒಂದು ತುತ್ತಿನಿಂದ ಶುರುವಾಯಿತು.

ಮೂರು ತಾಲ್ಲೂಕುಗಳನ್ನೂ ಮತ್ತೆ ಸುತ್ತಿದೆವು. ನಾವು ಗಟ್ಟಿ ಎಂದು ಬರೆದಿದ್ದ ಹಳ್ಳಿಗಳೇ ಹೆಚ್ಚು ಸೋತಿದ್ದವು. ಆದರೆ ಎಲ್ಲ ಕಡೆಯೂ ಹುಳುವೇ ಕಾರಣವಲ್ಲ. ಗೌರಿಬಿದನೂರಿನ ಒಣಭೂಮಿಯಲ್ಲಿ ಹುಳು ಕಡಿಮೆ, ಅಲ್ಲಿ ಬರಿಯ ಗಂಜಿಯದೇ ಕೆಲಸ. ಕೆಲವು ಮಕ್ಕಳಿಗೆ ಚಳಿಜ್ವರ ಬಂದು ಹೋಗಿತ್ತು. ಕೆಲವರ ತಾಯಂದಿರಿಗೇ ರಕ್ತವಿರಲಿಲ್ಲ, ಮಗು ಹುಟ್ಟುವಾಗಲೇ ಸಾಲದ ಗಂಟು ಹೊತ್ತು ಬಂದಿತ್ತು. ಚಿಕ್ಕಬಳ್ಳಾಪುರ ಪೇಟೆಯಲ್ಲಿ ಅನುಕೂಲವಂತರ ಮನೆಯೊಂದರಲ್ಲಿ ಗುಂಡುಗುಂಡಗೆ, ಬೆಣ್ಣೆಯ ಬಣ್ಣದ ಒಂದೂವರೆ ವರ್ಷದ ಮಗು. "ನಮ್ಮ ವಂಶದಲ್ಲೇ ಇಷ್ಟು ಬೆಳ್ಳಗಿರೋ ಕೂಸು ಹುಟ್ಟಿಲ್ಲ, ಎಮ್ಮೆ ಹಾಲು ಬಿಟ್ಟು ಬೇರೆ ಮುಟ್ಟಿಲ್ಲ" ಎಂದು ಅಜ್ಜಿಗೆ ಹೆಮ್ಮೆ. ನೋಡಿದರೆ ಏಳು. ಬರೀ ಹಾಲಿನಲ್ಲಿ ಬೆಳೆದ ಮಗುವಿಗೆ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ರಾಗಿ ಸರಿ, ಬೇಳೆ, ಸೊಪ್ಪು ತಿನ್ನಿಸಿ ಎಂದದ್ದಕ್ಕೆ, ಬಣ್ಣ ಕಂದಿದರೆ ನೀವೇ ಹೊಣೆ ಎಂದರು. ಹೊಣೆ ನನ್ನದೇ ಎಂದು ಒಪ್ಪಿಕೊಂಡೆ. ಕಂದಿದ್ದೂ ನಿಜ. ಮಗು ಮನೆಯೆಲ್ಲ ಓಡಾಡತೊಡಗಿದ ಮೇಲೆ ಯಾರೂ ಬಣ್ಣದ ಮಾತೆತ್ತಲಿಲ್ಲ.

ಆಮೇಲಿನಿಂದ ಯಾವ ಹಳ್ಳಿಗೆ ಹೋದರೂ ಬೆಳಗಿನ ಮೊದಲ ಬೆರಳು ನನ್ನದೇ. ಅದು ಹದಿನಾಲ್ಕರ ಹತ್ತಿರ ಬಂದರೆ ಮಾತ್ರ ಮಕ್ಕಳ ಸರದಿ. ನಿಮ್ಮ ಯಂತ್ರ ಎಷ್ಟೇ ಹೊಸದಿರಲಿ, ಅದನ್ನು ಪರೀಕ್ಷೆ ಮಾಡುವ ಒಂದು ಬೆರಳು ಇಟ್ಟುಕೊಂಡಿರಿ. ಸೂಜಿಗೆ ಮುಂಚೆ ಮಗುವಿನ ಅಂಗೈ ನೋಡಿ, ತಾಯಿಯ ಅಂಗೈ ಪಕ್ಕದಲ್ಲಿಟ್ಟು ನೋಡಿ. ಅಂಗೈ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ ಎರಡನ್ನೂ ಮತ್ತೆ ಕೇಳಿ.

ದಸರೆ ಕಳೆದ ಮೇಲೆ ಒಂದು ದಿನ ಪಿಳ್ಳಮ್ಮ ಆಸ್ಪತ್ರೆಗೇ ಬಂದಳು. ಮಗು ಸೊಂಟದ ಮೇಲಿರಲಿಲ್ಲ. ಮುಂದೆ ಮುಂದೆ ಓಡುತ್ತಿತ್ತು, ಹಿಂದೆ ಇವಳು ಏದುಸಿರು ಬಿಡುತ್ತಾ ಬರುತ್ತಿದ್ದಳು.

"ಬಳೆ ಬಿಗಿಯಾಗೋಗೈತೆ, ತೆಗೀಯಪ್ಪ" ಎಂದಳು.

ನಾನು ತೊಡಿಸಿದ್ದ ಅದೇ ಕೆಂಪು ಬಳೆ. ಅವತ್ತು ಮೊಣಕೈವರೆಗೆ ಜಾರುತ್ತಿದ್ದದ್ದು ಈಗ ಮಣಿಕಟ್ಟಿನಲ್ಲಿ ಕಚ್ಚಿ ಕೂತಿತ್ತು. ಕೈಯನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳ ಬುಡ ಒತ್ತಿ ನೋಡಿದೆ. ಗೆಣ್ಣು ದಾಟುವ ಮಾತೇ ಇಲ್ಲ. ಒತ್ತಿದ ಕಡೆ ಅಂಗೈ ಬೆಳ್ಳಗಾಗಿ, ಬೆರಳು ತೆಗೆದೊಡನೆ ಗುಲಾಬಿ ಬಣ್ಣ ಓಡಿ ಬಂತು. ಇನ್ನೊಮ್ಮೆ ಒತ್ತಿದೆ, ಬಳೆಗಾಗಿ ಅಲ್ಲ.

"ಒಡೀಬೇಕಮ್ಮ" ಎಂದೆ.

"ಒಡಿ. ಆದ್ರೆ ಇದೇ ಕೆಂಪಿಂದು ಹೊಸದು ಹಾಕಬೇಕು. ಎರಡು ಕೈಗೂ."

"ಒಂದು ಹನಿಗೆ ಒಂದು ಬಳೆ ಅಂತ ಮಾತು."

"ಅವತ್ತು ನೀನು ಸುಳ್ಳು ಲೆಕ್ಕ ಹೇಳಿದ್ಯಲ್ಲ, ಅದಕ್ಕೊಂದು."

ಇಷ್ಟು ವರ್ಷದ ನನ್ನ ಚೌಕಾಸಿಯಲ್ಲಿ ಮರುಮಾತಿಲ್ಲದೆ ಸೋತದ್ದು ಆ ಒಂದೇ ಸಲ. ಎರಡು ಕೈಗೂ ಒಂದಳತೆ ದೊಡ್ಡದು ತೊಡಿಸಿ ಕಳಿಸಿದೆ.